ಗೆರೆಯಿಂದ ಒಂದು ಗೇಣು ದೂರ

ಅಕ್ಷರಗಳು ಗೆರೆಗೆ ಒರಗಿ ನಿಂತರೆ ನನಗೆ ಉಸಿರು ಕಟ್ಟುತ್ತದೆ. ಮಕ್ಕಳೇ, ನಗಬೇಡಿ. ಮದುವೆಮನೆಯಲ್ಲಿ ಗೋಡೆಗೆ ಅಂಟಿಕೊಂಡು ಕೂರುವ ನಿಮ್ಮ ಅಜ್ಜಿಗೆ ಈ ಮಾತಾಡುವ ಅಧಿಕಾರವಿಲ್ಲ ಎಂದು ನನಗೂ ಗೊತ್ತು. ಆದರೆ ನಮ್ಮೂರ ಶಾಲೆಯ ಮೇಷ್ಟ್ರು ಕಾಪಿ ಪುಸ್ತಕದ ಗೆರೆಯ ಪಕ್ಕ ಹೆಬ್ಬೆರಳು ಊರಿಸಿ, ಅದರಾಚೆಗೇ ಬರೆಯಿಸುತ್ತಿದ್ದರು. ನಮ್ಮಪ್ಪನೂ ಬದುವಿನ ಪಕ್ಕ ಒಂದು ಗೇಣು ಬಿಟ್ಟೇ ರಾಗಿ ಪೈರು ನೆಡುತ್ತಿದ್ದರು. ನಡೆಯುವವರ ಕಾಲಿಗೆ ಪೈರು ಸಿಕ್ಕಬಾರದಲ್ಲ. ಹೀಗೆ ವಿದ್ಯೆ, ಬೇಸಾಯ ಎರಡೂ ಕಡೆಯಿಂದ ನಾನು ಕಲಿತದ್ದು ಒಂದೇ: ಗೆರೆ ಇದ್ದಲ್ಲಿ ಸ್ವಲ್ಪ ಜಾಗ ಬಿಡಬೇಕು.

ಇದನ್ನು ಕಂಪ್ಯೂಟರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕುವೆಂಪುನಗರದ ನಮ್ಮ ಭಜನೆ ಗುಂಪು ನಿಮಗೆ ಗೊತ್ತಲ್ಲ. ಪ್ರತಿ ಶುಕ್ರವಾರ ಒಬ್ಬೊಬ್ಬರ ಮನೆಯಲ್ಲಿ ಭಜನೆ, ಮುಗಿದ ಮೇಲೆ ಆ ಮನೆಯವರ ಚರ್ಪು, ಅಂದರೆ ದೊನ್ನೆಯಲ್ಲಿ ಕೊಡುವ ಪ್ರಸಾದದ ತಿಂಡಿ. ಯಾವ ವಾರ ಯಾರ ಮನೆ, ಯಾವ ಚರ್ಪು ಎಂಬ ಪಟ್ಟಿಯೊಂದು ಬೇಕಾಯಿತು. ನಾನು ಕಂಪ್ಯೂಟರ್ ಕಲಿಯುತ್ತಿದ್ದೇನೆಂಬ ಸುದ್ದಿ ಹೇಗೋ ಅಲ್ಲಿಗೆ ತಲುಪಿತ್ತು. ಬೇಡ ಅನ್ನುವುದಕ್ಕೂ ಬಾಯಿ ಬೇಕು, ನಾನು ತಲೆಯಾಡಿಸಿದೆ. ನಿಮ್ಮ ತಾತ ಹೋದ ಮೇಲೆ ನಾನು ಹೊಸ್ತಿಲು ದಾಟುವುದೇ ಆ ಭಜನೆಗೆ. ನಾಲ್ಕು ವರ್ಷದಲ್ಲಿ ಅಲ್ಲಿ ಹಾಡಿದ್ದೇನೆ, ಮಾತಾಡಿಲ್ಲ. ಅವರು ನನಗೆ ವಹಿಸಿದ ಮೊದಲ ಕೆಲಸ ಇದು. ಕೆಡಿಸಿದರೆ ಮತ್ತೆ ಆ ಜಮಖಾನದ ಮೇಲೆ ಯಾವ ಮುಖ ಇಟ್ಟುಕೊಂಡು ಕೂರಲಿ?

ನಿಮ್ಮೆಲ್ಲರಿಗಿಂತ ದೊಡ್ಡವಳಾದ ಸಿರಿ, ಟೇಬಲ್ ಹಾಕುವುದನ್ನೂ ಅಕ್ಷರಕ್ಕೆ ಬಣ್ಣ ಬಳಿಯುವುದನ್ನೂ ತೋರಿಸಿ ಪರೀಕ್ಷೆಗೆ ಓದಲು ಹೋದಳು. ಹೆಸರು ತುಂಬಿಸಿ ನೋಡಿದರೆ, ಸಿಟಿ ಬಸ್ಸಿನ ಕಿಟಕಿಗೆ ಮುಖ ಒತ್ತಿಕೊಂಡವರ ಹಾಗೆ ಎಲ್ಲವೂ ಎಡಗೆರೆಗೆ ಒತ್ತಿಕೊಂಡಿವೆ. ಒತ್ತಕ್ಷರಗಳ ಬಾಲ ಕೆಳಗಿನ ಗೆರೆಗೆ ತಾಗುತ್ತಿದೆ. ಕೆಳಗಿನದನ್ನು ದೇವರಿಗೆ ಬಿಟ್ಟೆ. ಎಡಗಡೆಗೆ ಖಾಲಿ ಜಾಗದ ಕೀಲಿ ಒತ್ತೋಣವೆಂದರೆ, ಎಷ್ಟು ಒತ್ತಿದೆ ಎಂದು ಲೆಕ್ಕಕ್ಕೆ ಸಿಗುವುದಿಲ್ಲ. ಆಗ ರಂಗೋಲಿ ನೆನಪಾಯಿತು. ರಂಗೋಲಿಯಲ್ಲಿ ಜಾಗ ಅಳೆಯುವುದೇ ಚುಕ್ಕಿ ಇಟ್ಟು. ಗೆರೆಗೂ ಹೆಸರಿಗೂ ನಡುವೆ ಚುಕ್ಕಿ ಇಡುತ್ತ ಬಂದೆ. ಗೌರಿಯಂಥ ಚಿಕ್ಕ ಹೆಸರಿಗೆ ಮೂರು. ರಾಜರಾಜೇಶ್ವರಿಯವರಿಗೆ ಒಂದೇ, ಇನ್ನೊಂದಿಟ್ಟರೆ ಅವರ ಬಾಲ ಮುರಿದು ಕೆಳಗಿನ ಸಾಲಿಗೆ ಬೀಳುತ್ತಿತ್ತು. ಕಡೆಯ ಸಾಲಿನ ಪುಟ್ಟತಾಯಮ್ಮ, ಅಂದರೆ ನಾನು. ಅವಳಿಗೆ ಇಡಲೇ ಇಲ್ಲ. ಅವಳಿಗೆ ಗೋಡೆ ಅಭ್ಯಾಸ. ಕೊನೆಗೆ ಚುಕ್ಕಿಗಳಿಗೆಲ್ಲ ಬಿಳಿ ಬಣ್ಣ ಬಳಿದೆ. ಚುಕ್ಕಿ ಮಾಯ, ಜಾಗ ಮಾತ್ರ ಉಳಿಯಿತು! ಆ ಮಧ್ಯಾಹ್ನ ನಾನು ಎರಡು ಲೋಟ ಕಾಫಿ ಕುಡಿದೆ.

ಜೆರಾಕ್ಸ್ ಅಂಗಡಿಯವರು ಒಳ್ಳೆಯವರು. ವಯಸ್ಸಾದವರು ಓದುವ ಪಟ್ಟಿಯೆಂದು ತಮ್ಮ ಕಂಪ್ಯೂಟರಿನಲ್ಲಿ ಎಲ್ಲ ಅಕ್ಷರವನ್ನೂ ಒಟ್ಟಿಗೆ ಹಿಡಿದು ದಪ್ಪ ಕಪ್ಪು ಮಾಡಿ, ಇಪ್ಪತ್ತು ಪ್ರತಿ ತೆಗೆದುಕೊಟ್ಟರು. ನಾನು ಬಿಡಿಸಿಯೂ ನೋಡದೆ ನೇರ ಆ ವಾರದ ಭಜನೆಯಿದ್ದ ಗೌರಿಯವರ ಮನೆಗೆ ಹೋಗಿ ಹಂಚಿದೆ.

"ಇದೇನ್ರೀ ಗೌರಿ, ನಿಮ್ಗೆ ಮೂರು ಚುಕ್ಕಿ, ನಂಗೊಂದೇ?" ರಾಜರಾಜೇಶ್ವರಿಯವರ ದನಿ ಭಜನೆಯಲ್ಲೂ ಅಷ್ಟು ಏರಿದ್ದಿಲ್ಲ. "ಹೋದ್ಸಲ ನನ್ನ ಪುಳಿಯೋಗರೇಲಿ ಒಂಚೂರು ಉಪ್ಪು ಜಾಸ್ತಿ ಆಗಿತ್ತು, ಒಪ್ಕೋತೀನಿ. ಅದನ್ನ ಅಚ್ಚು ಹಾಕ್ಸಿ ಹಂಚೋದಾ?"

"ನಾನೇನ್ ಕೇಳ್ಕೊಂಡಿದ್ನಾ? ತಿಂದೋರಿಗೆ ಗೊತ್ತು ಕಣ್ರೀ ರುಚಿ," ಎಂದು ಗೌರಿ ಹಾಳೆಯನ್ನು ಎದೆಗೊತ್ತಿಕೊಂಡರು.

"ಫೋನಲ್ಲಿ ಓಟೆಲ್ನೋರ್ಗೆ ಸ್ಟಾರ್ ಕೊಡ್ತಾರಲ್ಲ, ಅಂಗೇ," ಎಂದು ಹಿಂದಿನಿಂದ ಯಾರೋ ವಿವರಿಸಿದರು.

ಇಪ್ಪತ್ತು ಮುಖ ನನ್ನತ್ತ ತಿರುಗಿದವು. ಗೋಡೆ ಹಿಡಿದು ಎದ್ದೆ. "ಚುಕ್ಕಿ ರುಚಿಗಲ್ಲ ಕಣ್ರಮ್ಮಾ, ಜಾಗಕ್ಕೆ. ನಿಮ್ಮ ಹೆಸರು ಗೆರೆಗೆ ತಾಗಬಾರದು ಅಂತ ಇಟ್ಟೆ. ಉದ್ದದ ಹೆಸರಿಗೆ ಜಾಗ ಸಾಲ್ಲಿಲ್ಲ. ಬಿಳೀ ಬಣ್ಣ ಬಳ್ದಿದ್ದೆ, ಹೆಂಗೋ ಕಂಡ್ಬುಟ್ಟಿದೆ." ನಾಲ್ಕು ವರ್ಷದ ಮಾತು ಒಂದೇ ಉಸಿರಿಗೆ ಖರ್ಚಾಯಿತು.

ಯಾರೂ ನಂಬಿದಂತೆ ಕಾಣಲಿಲ್ಲ. ರಾಜರಾಜೇಶ್ವರಿಯವರು ಕನ್ನಡಕ ಸರಿಪಡಿಸಿಕೊಂಡು ಪಟ್ಟಿಯ ಕೆಳತುದಿಗೆ ಬಂದರು.

"ಅಯ್ಯೋ, ಪುಟ್ಟತಾಯಮ್ಮೋರೇ, ನಿಮ್ಗೆ ಒಂದೂ ಇಲ್ವಲ್ರೀ! ಇವ್ರ ಕೋಸಂಬರಿಗೆ ಸೊನ್ನೆ ಅಂದ್ರೆ ಇದು ರುಚಿ ಮಾತಲ್ಲ ಬಿಡಿ." ನಗು ಎದ್ದಿತು. ಅವರು ಪೆನ್ನು ಇಸಿದುಕೊಂಡು ನನ್ನ ಹೆಸರಿನ ಪಕ್ಕ, ಗೆರೆಯಾಚೆಯೇ ಆದರೂ, ಮೂರು ಚುಕ್ಕಿ ಇಟ್ಟರು.

ಮನೆಗೆ ಬಂದು ಹೇಳಿದರೆ ಸಿರಿ ನಕ್ಕು ನಕ್ಕು ಸುಸ್ತಾದಳು. ಆಮೇಲೆ ಸೆಲ್ ಮಾರ್ಜಿನ್ ಎಂಬ ಜಾಗ ತೆರೆದು, ಎಡ, ಬಲ, ಮೇಲೆ, ಕೆಳಗೆ ಒಂದೊಂದು ಅಂಕಿ ಹಾಕಿದಳು. ಒಂದೇ ಏಟಿಗೆ ಅಷ್ಟೂ ಹೆಸರು ಗೆರೆ ಬಿಟ್ಟು ಈಚೆ ಬಂದವು. ದೇವರಿಗೆ ಬಿಟ್ಟಿದ್ದ ಒತ್ತಕ್ಷರಗಳೂ ಉಸಿರಾಡಿದವು. ಕಡೆಯ ಸಾಲಿನ ಪುಟ್ಟತಾಯಮ್ಮನೂ ಈಚೆ ಬಂದು ನಿಂತಿದ್ದಳು.

"ನನ್ನದೊಂದನ್ನ ಇದ್ದಲ್ಲೇ ಬಿಡೋಕೆ ಬರಲ್ವೇನೇ?" ಎಂದೆ.

"ಬರುತ್ತೆ. ಆದ್ರೆ ಅದನ್ನ ನಾನು ಹೇಳ್ಕೊಡಲ್ಲ ಕಣಜ್ಜಿ."

ಮುಂದಿನ ಶುಕ್ರವಾರ ನಾನು ಗೋಡೆಯಿಂದ ಒಂದು ಗೇಣು ಈಚೆಗೆ ಕೂತೆ. ಮೂರನೇ ಹಾಡಿಗೆ ಬೆನ್ನು ನೋಯತೊಡಗಿತು. ಮೆಲ್ಲಗೆ ಹಿಂದೆ ಸರಿಯೋಣವೆಂದು ತಿರುಗಿದರೆ, ಆ ಒಂದು ಗೇಣಿನಲ್ಲಿ ರಾಜರಾಜೇಶ್ವರಿಯವರು ಆಗಲೇ ತಮ್ಮ ಕೈಚೀಲ ಇಟ್ಟುಬಿಟ್ಟಿದ್ದರು.