ಸಾಹುಕಾರರನ್ನು ಕಟ್ಟಿದ ಈರಕ್ಕ

ನಲವತ್ತನೇ ಇಸವಿಯ ಸುಮಾರಿಗೆ ಮಧುಗಿರಿಯ ಒಂದು ಧರ್ಮಾಸ್ಪತ್ರೆಗೆ ಎಕ್ಸ್‌ರೇ ಯಂತ್ರ ಬಂತು. ಕೊಡಿಸಿದವರು ಸಾಹುಕಾರ್ ಮಹಾಲಿಂಗಯ್ಯನವರು. ಬಾಗಿಲ ಮೇಲೆ ಅವರ ಹೆಸರು ಯಂತ್ರಕ್ಕಿಂತ ಮೊದಲೇ ಬಂದಿತ್ತು.

ಕಳ್ಳಂಬೆಳ್ಳದ ಕಡೆಯ ಕುರಿಗಾಹಿಗಳ ಮನೆಯ ಈರಕ್ಕ ಅಲ್ಲಿ ಆಯಾ. ರೋಗಿ ಅಲುಗಿದರೆ ಚಿತ್ರ ಕೆಡುತ್ತದೆ. ಅಲುಗದಂತೆ ಹಿಡಿಯುವುದು ಅವಳ ಕೆಲಸ. ಅಳುವ ಮಗುವಿರಲಿ, ನಡುಗುವ ಮುದುಕನಿರಲಿ, "ಹಿಡ್ಕೊ ಈರಕ್ಕ" ಎಂದು ಡಾಕ್ಟರು ಕಿರಣ ತಡೆಯುವ ಸೀಸದ ಮರೆಯ ಹಿಂದೆ ಸರಿದುಬಿಡುವರು. ಓದಿದವರ ಮೈಗೆ ತಾಗುವ ಕಿರಣ ದುಡಿಯುವವರ ಮೈಗೆ ತಾಗುವುದಿಲ್ಲವೆಂದು ಯಾವ ಪುಸ್ತಕದಲ್ಲಿದೆಯೋ!

ವರ್ಷ ಕಳೆಯುವುದರೊಳಗೆ ಈರಕ್ಕನ ಬೆರಳು ಸುಲಿದವು, ಉಗುರು ಕಪ್ಪಿಟ್ಟು ಉದುರತೊಡಗಿದವು. ಬಿಸಿ ಮುದ್ದೆ ಕಟ್ಟಲೂ ಆಗದು. "ಸೋಡಾ ಹಾಕಿ ಬಟ್ಟೆ ಒಗೀತೀಯಲ್ಲ, ಅದಕ್ಕೇ" ಅಂದರು ಡಾಕ್ಟರು, ಮರೆಯಲ್ಲೇ ನಿಂತು. ಹಿಡಿದರೆ ಬೆರಳು ಹೋಗುತ್ತದೆ, ಬಿಟ್ಟರೆ ಕೆಲಸ ಹೋಗುತ್ತದೆ.

ಆಗ ಸಾಹುಕಾರರ ಮಂಡಿ ಊದಿತು. ಹಿಂಡು ಜನದೊಂದಿಗೆ ಬಂದು ಮೇಜಿನ ಮೇಲೆ ಮಲಗಿದರು. ಧಣಿಯ ಮೂಳೆ ನೋಡಲು ಎಲ್ಲರಿಗೂ ತವಕ.

"ಹಿಡ್ಕೊ ಈರಕ್ಕ."

ಈರಕ್ಕ ಎರಡೂ ಕೈಯನ್ನು ಎಲ್ಲರ ಮುಂದೆ ಚಾಚಿದಳು. "ಹಿಡ್ದು ಹಿಡ್ದು ಇಂಗಾಗವೆ. ಧಣೇರ ಮೇಲೆ ಯಾರ್ಗೆ ಪ್ರೀತಿ ಜಾಸ್ತಿ, ಬಂದು ಹಿಡ್ಕಳಿ."

ಬೆರಳು ನೋಡಿದ್ದೇ ತಡ, ಪ್ರೀತಿಯೆಲ್ಲ ಬಾಗಿಲ ಕಡೆ ಹೊರಟಿತು. ಕಾಲೊತ್ತುತ್ತಿದ್ದ ಗುಮಾಸ್ತ ಚಿಕ್ಕರಂಗಯ್ಯ ಡಾಕ್ಟರಿಗಿಂತ ಮೊದಲೇ ಮರೆ ಸೇರಿಕೊಂಡ.

"ಲೇ ಚಿಕ್ಕರಂಗ, ಬಾರೋ ಇಲ್ಲಿ!"

"ಇಲ್ಲಿಂದ್ಲೇ ನೋಡ್ತಾ ಇವ್ನಿ ಬುದ್ಧೀ!"

ಸಾಹುಕಾರರಿಗೆ ಬೆವರು. "ಡಾಕ್ಟ್ರೇ, ನನಗೇನಾದ್ರೂ ಆಗುತ್ತಾ?"

"ಒಂದು ಸಲಕ್ಕೆ ಏನೂ ಆಗಲ್ಲ."

"ದಿನಾ ಹಿಡಿಯೋಳ್ಗೆ?" ಅಂದಳು ಈರಕ್ಕ.

ಡಾಕ್ಟರು ಕನ್ನಡಕ ಒರೆಸತೊಡಗಿದರು.

ಉಣ್ಣೆ ಕತ್ತರಿಸುವಾಗ ಟಗರಿನ ಕಾಲು ಕಟ್ಟಿ ಕೆಡವುವುದು ಈರಕ್ಕನಿಗೆ ಹುಟ್ಟಿದ ಮನೆಯ ವಿದ್ಯೆ. ಸಾಹುಕಾರರ ಜರಿ ಅಂಗವಸ್ತ್ರವನ್ನೇ ಎಳೆದು, ಎರಡೂ ಕಾಲನ್ನು ಮೇಜಿಗೆ ಬಿಗಿದು, ಕಾಲು ಮುರಿದವರ ಆಸರೆಗಿದ್ದ ಮರಳ ಚೀಲಗಳನ್ನು ಮಂಡಿಯ ಆಚೀಚೆ ಒತ್ತಿದಳು.

"ಒದೀಬ್ಯಾಡಿ ಬುದ್ಧೀ. ನಮ್ ಟಗ್ರೂ ಮೊದಮೊದ್ಲು ಒದೀತವೆ."

ಅಷ್ಟು ಹೇಳಿ, ಚಿಕ್ಕರಂಗಯ್ಯನನ್ನು ಮೊಣಕೈಯಲ್ಲಿ ತಿವಿದು ತಾನೂ ಮರೆಯ ಹಿಂದೆ ನಿಂತಳು. ಚಿತ್ರ ಎಂದಿಲ್ಲದಷ್ಟು ಚೆನ್ನಾಗಿ ಬಂತು.

ಕಟ್ಟು ಬಿಚ್ಚಿದ ಕೂಡಲೇ ಸಾಹುಕಾರರು ಗುಡುಗಿದರು: "ನನ್ನೊಬ್ಬನ್ನೇ ಕಟ್ಟಿದ್ರು ಅಂತ ಊರು ನಗಬಾರದು. ಇನ್ಮೇಲೆ ಯಾರನ್ನೂ ಹಿಡಿಯೋ ಹಾಗಿಲ್ಲ. ಎಲ್ಲರನ್ನೂ ಕಟ್ಟಿ!"

ದಯೆಗೆ ಹೊರಡದ ಅಪ್ಪಣೆ ನಾಚಿಕೆಗೆ ಹೊರಟಿತು. ಈರಕ್ಕನ ಎರಡು ಉಗುರು ಮಾತ್ರ ಮತ್ತೆ ಬರಲಿಲ್ಲ. ಆ ಬೆರಳುಗಳಲ್ಲೇ ಅವಳು ತಾಲ್ಲೂಕಿನ ದೊಡ್ಡವರನ್ನೆಲ್ಲ ಒಬ್ಬೊಬ್ಬರಾಗಿ ಕಟ್ಟಿ ಮಲಗಿಸಿದಳು. ಮಕ್ಕಳಿಗೆ ಮೆತ್ತಗೆ, ಧಣಿಗಳಿಗೆ ತುಸು ಬಿಗಿಯಾಗಿ.