ಅವ್ವನ ಬೆಕ್ಕು, ಖಾನಾವಳಿಯ ಬೆಕ್ಕು

ಮಸ್ಕಿಯ ಬಜಾರಿನಲ್ಲಿ ನಮ್ಮದೊಂದು ಕಿರಾಣಿ ಅಂಗಡಿ, ಅದರ ಹಿಂದೆಯೇ ಮನೆ. ಅಪ್ಪ ತೀರಿಕೊಂಡ ಮೇಲೆ ಗಲ್ಲಾದ ಹಿಂದೆ ನಾನು ಕೂತೆ, ನನ್ನ ಪಕ್ಕದ ಸ್ಟೂಲಿನ ಮೇಲೆ ಅವ್ವ ಕೂತಳು. ಅಂಗಡಿ ನಡೆಸುವವಳು ಅವಳೇ ಎಂಬುದು ಗಿರಾಕಿಗಳಿಗೆಲ್ಲ ಗೊತ್ತಿತ್ತು.

ಒಂದು ವರ್ಷ ಇಲಿಗಳ ಕಾಟ ವಿಪರೀತವಾಯಿತು. ಅಕ್ಕಿಯ ಚೀಲಕ್ಕೆ ತೂತು, ಬೆಲ್ಲದ ಮೇಲೆ ಹಲ್ಲಿನ ಗುರುತು. ಇಲಿಪಾಷಾಣ ಇಡೋಣವೆಂದರೆ ಅವ್ವ ಒಪ್ಪಲಿಲ್ಲ. ಬೆಳಿಗ್ಗೆ ಎದ್ದು ಲಿಂಗಪೂಜೆ ಮಾಡಿ, ಮಧ್ಯಾಹ್ನ ವಿಷ ಕಲಸಲು ಅವಳಿಗೆ ಮನಸ್ಸು ಬರಲಿಲ್ಲ. ಮರುದಿನ ಬಳಗಾನೂರಿನ ತನ್ನ ಅಕ್ಕನ ಮನೆಗೆ ಹೋದವಳು ಸಂಜೆಯ ಬಸ್ಸಿಗೆ ವಾಪಸ್ಸು ಬಂದಳು. ಹೆಗಲಿನ ಕೈಚೀಲದಿಂದ ಒಂದು ಕೆಂಚು ಮರಿಯ ತಲೆ ಹೊರಗೆ ಇಣುಕುತ್ತಿತ್ತು. ವಿಷ ಬೇಡವೆಂದವಳು ಬೆಕ್ಕನ್ನು ಹೇಗೆ ತಂದೆ ಎಂದು ಕೇಳಿದ್ದಕ್ಕೆ, ಇಲಿ ಹಿಡಿಯುವುದು ಬೆಕ್ಕಿನ ಕಾಯಕ, ಅದಕ್ಕೆ ಪಾಪ ಹತ್ತುವುದಿಲ್ಲ ಎಂದಳು.

ಆ ಮರಿ ಬೆಳೆದು ದಪ್ಪ ಕೊರಳಿನ ಗಂಡುಬೆಕ್ಕಾಯಿತು. ಇಲಿಗಳು ಕಡಿಮೆಯಾದವು, ಅವ್ವನಿಗೆ ಹೆಮ್ಮೆ ಹೆಚ್ಚಾಯಿತು. ತೊಂದರೆಯಿದ್ದದ್ದು ಎದುರಿನ ಖಾನಾವಳಿಯಲ್ಲಿ. ಅಲ್ಲಿಯೂ ಒಂದು ಗಂಡುಬೆಕ್ಕಿತ್ತು, ಕಪ್ಪು ಬಣ್ಣದ್ದು, ಮೀನಿನ ತಲೆ ತಿಂದು ಕೊಬ್ಬಿದ್ದು. ಎರಡೂ ಬೆಕ್ಕುಗಳು ನಮ್ಮ ಅಂಗಡಿಯ ತಗಡಿನ ಚಾವಣಿಯ ಮೇಲೆ ಎದುರಾದವೆಂದರೆ ಬಜಾರಿನ ಅರ್ಧ ಜನ ತಲೆಯೆತ್ತಿ ನೋಡುತ್ತಿದ್ದರು. ಬೆಕ್ಕುಗಳ ಜಗಳ ಮುಗಿದ ಮೇಲೆ ಅವ್ವನಿಗೂ ಖಾನಾವಳಿಯ ಮಾಲಕನಿಗೂ ಮಾತು ಶುರುವಾಗುತ್ತಿತ್ತು. ತನ್ನ ಬೆಕ್ಕು ಬಡಪಾಯಿ, ಅವನ ಬೆಕ್ಕು ರೌಡಿ ಎಂದು ಅವ್ವ. ಅದು ಉಲ್ಟಾ ಎಂದು ಅವನು. ಒಳ್ಳೆಯ ಮನುಷ್ಯನೇ, ಆದರೆ ಬೆಕ್ಕಿನ ವಿಷಯದಲ್ಲಿ ಇಬ್ಬರೂ ಒಂದು ಮಾತು ಬಿಟ್ಟುಕೊಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಮ್ಮ ಬೆಕ್ಕು ಅಂಗಡಿಯ ಮೂಲೆಯಲ್ಲಿ ಮುದುಡಿ ಕೂತಿತ್ತು. ಒಂದು ಕೆನ್ನೆ ನಿಂಬೆಹಣ್ಣಿನಷ್ಟು ಊದಿತ್ತು, ಕಿವಿ ಮುಟ್ಟಿದರೆ ಬಿಸಿ. ಹಾಲಿನ ಬಟ್ಟಲನ್ನು ಮೂಸಿಯೂ ನೋಡಲಿಲ್ಲ. ಅವ್ವ ಅರಿಶಿನ ಹಚ್ಚಿದಳು. ಜ್ವರವಿದೆಯಲ್ಲ, ನಾವು ನುಂಗುವ ಜ್ವರದ ಗುಳಿಗೆಯಲ್ಲೇ ಚೂರು ಕೊಡೋಣ ಎಂದು ಡಬ್ಬಿ ಹುಡುಕತೊಡಗಿದಳು. ನನ್ನ ಹೆಂಡತಿ ತಾಲೂಕು ಕಚೇರಿಗೆ ಹೊರಟು ನಿಂತಿದ್ದಳು. ಕೊಡುವ ಮೊದಲು ಒಂದು ಮಾತು ಕೇಳೋಣ ಎಂದು ಪಶು ಆಸ್ಪತ್ರೆಯ ಡಾಕ್ಟರಿಗೆ ಫೋನು ಮಾಡಿದಳು. ಆ ಕಡೆಯಿಂದ ಬಂದ ಉತ್ತರ ನಮಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿತ್ತು:

"ಆ ಗುಳಿಗಿ ಮುಟ್ಟಸಬ್ಯಾಡ್ರಿ. ನಮಗ ಔಷಧ, ಬೆಕ್ಕಿಗೆ ಅದು ವಿಷ. ಚೂರು ಕೊಟ್ಟರೂ ಜೀವಕ್ಕ ಬರ್ತದ. ಸೀದಾ ಇಲ್ಲಿಗೆ ಕರ್ಕೊಂಡ ಬರ್ರಿ."

ಅವ್ವ ಗುಳಿಗೆಯ ಡಬ್ಬಿಯನ್ನು ಅಟ್ಟದ ಮೇಲೆ, ತನ್ನ ಕೈಗೂ ಸಿಗದಷ್ಟು ಎತ್ತರದಲ್ಲಿ ಇಡಿಸಿದಳು. ತರಕಾರಿಯ ಬುಟ್ಟಿಯೊಂದರಲ್ಲಿ ಹಳೆಯ ಸೀರೆ ಹಾಸಿ ಬೆಕ್ಕನ್ನು ಕೂರಿಸಿ, ಇನ್ನೊಂದು ಬುಟ್ಟಿ ಮೇಲೆ ಮುಚ್ಚಿ ಕಟ್ಟಿ, ಆಟೋದಲ್ಲಿ ಹೊರಟೆವು.

ಆಸ್ಪತ್ರೆಯ ಅಂಗಳದಲ್ಲಿ ಎಮ್ಮೆ, ಆಡುಗಳ ನಡುವೆ ನಮ್ಮ ಬುಟ್ಟಿಯೊಂದೇ ಮಿಯಾಂವ್ ಎನ್ನುತ್ತಿತ್ತು. ಡಾಕ್ಟರು ಸಿಂಧನೂರಿನ ಕಡೆಯ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೆನ್ನೆಯ ಕೂದಲು ಕತ್ತರಿಸಿ ತೋರಿಸಿದರು: ಒಂದೇ ಒಂದು ಸಣ್ಣ ತೂತು, ಇನ್ನೊಂದು ಬೆಕ್ಕಿನ ಹಲ್ಲಿನದು. ಮೇಲೆ ಗಾಯ ಬೇಗ ಮುಚ್ಚಿಕೊಳ್ಳುತ್ತದೆ, ಒಳಗೆ ಕೀವು ಕಟ್ಟುತ್ತದೆ, ಬೀದಿಯ ಗಂಡುಬೆಕ್ಕುಗಳಿಗೆ ಇದು ಸಾಮಾನ್ಯ ಎಂದರು. ಬಾವು ಕೊಯ್ದು ಕೀವು ತೆಗೆದು ತೊಳೆದರು, ಸೂಜಿ ಹಾಕಿದರು. ಅವ್ವ ಕಣ್ಣು ಮುಚ್ಚಿಕೊಂಡು ಪಂಚಾಕ್ಷರಿ ಜಪಿಸುತ್ತ ಬೆಕ್ಕಿನ ಹಿಂಗಾಲು ಹಿಡಿದಿದ್ದಳು. ಕೈ ಮಾತ್ರ ಸಡಿಲ ಬಿಡಲಿಲ್ಲ.

ಏನು ಊಟ ಹಾಕುತ್ತೀರಿ ಎಂದು ಡಾಕ್ಟರು ಕೇಳಿದರು. ಹಾಲು, ಹಾಲಿನಲ್ಲಿ ನೆನೆಸಿದ ರೊಟ್ಟಿ ಎಂದು ಅವ್ವ ಹೆಮ್ಮೆಯಿಂದ ಹೇಳಿದಳು. ಆಗಾಗ ಭೇದಿ ಆಗುತ್ತದೆಯೇ ಎಂದರೆ, ಆಗುತ್ತದೆ, ನಿಮಗೆ ಹೇಗೆ ಗೊತ್ತಾಯಿತು ಎಂದು ಅವ್ವನಿಗೆ ಆಶ್ಚರ್ಯ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದಿಲ್ಲ, ಕುಡಿಯಲು ನೀರು ಸಾಕು, ಅದರ ದೇಹಕ್ಕೆ ಮಾಂಸವೇ ಬೇಕು, ಕಡೇಪಕ್ಷ ಬೇಯಿಸಿದ ಮೊಟ್ಟೆಯನ್ನಾದರೂ ಹಾಕಿ ಎಂದರು. ಜಂತಿನ ಔಷಧಿ ಕೊಟ್ಟರು. ಮೈಗೆ ಹುಷಾರಾದ ಮೇಲೆ ಹುಚ್ಚುನಾಯಿ ರೋಗದ ಚುಚ್ಚುಮದ್ದಿಗೆ ಕರೆತರಲು ಹೇಳಿದರು. ಕಚ್ಚಾಡುವ ಬೆಕ್ಕಿಗೆ ಅದು ನಾಯಿಗಿದ್ದಷ್ಟೇ ಅವಶ್ಯವಂತೆ. ಕೊನೆಗೆ, ಬೀಜ ತೆಗೆಸದಿದ್ದರೆ ಈ ಜಗಳ, ಈ ಬಾವು ಮುಗಿಯುವುದಿಲ್ಲ ಎಂದೂ ಹೇಳಿದರು. ಅವ್ವ ಅದನ್ನು ಕೇಳಿಸಿಕೊಳ್ಳದವಳಂತೆ ಬುಟ್ಟಿ ಕಟ್ಟತೊಡಗಿದಳು.

ಗಾಯ ಕೆರೆದುಕೊಳ್ಳದಂತೆ ಕೊರಳಿಗೆ ಕೊಳವೆಯಂಥದ್ದೊಂದನ್ನು ಹಾಕಬೇಕಿತ್ತು. ಮಸ್ಕಿಯ ಅಂಗಡಿಗಳಲ್ಲಿ ಅದು ಸಿಗಲಿಲ್ಲ. ನನ್ನ ಹೆಂಡತಿ ಕಪಾಟು ಹುಡುಕಿ ಅವ್ವನ ಮೊಣಕಾಲಿನ ಹಳೆಯ ಎಕ್ಸ್‌ರೇ ಹಾಳೆ ತೆಗೆದು, ದುಂಡಗೆ ಕತ್ತರಿಸಿ, ಅಂಚಿಗೆ ಬಟ್ಟೆ ಹೊಲಿದು ಬೆಕ್ಕಿನ ಕೊರಳಿಗೆ ಕಟ್ಟಿದಳು. ಬೆಕ್ಕು ಬಾಗಿಲಿಗೆ ಬಂದು ನಿಂತರೆ ಬಿಸಿಲಿನಲ್ಲಿ ಅವ್ವನ ಚಿಪ್ಪು, ಎಲುಬು ಎಲ್ಲ ಸ್ಪಷ್ಟ ಕಾಣುತ್ತಿತ್ತು. ಗಿರಾಕಿಗಳು ಬಗ್ಗಿ ಬಗ್ಗಿ ನೋಡಿದರು.

"ಲೇ ಮೂಳಾ, ನನ್ನ ಮೊಣಕಾಲು ಊರಿಗೆಲ್ಲ ತೋರಿಸಿಗೋತ ತಿರಗಾಕತ್ತೀಯಲ್ಲ," ಎಂದು ಬೈಯುತ್ತ ಅವ್ವ ತಾನೇ ಮೊದಲು ನಕ್ಕಳು. ಅಂಗಡಿಯಲ್ಲಿ ಅಂದು ನಗು ನಿಲ್ಲಲಿಲ್ಲ.

ಮೊಟ್ಟೆಯದೇ ತೊಡಕಾಯಿತು. ನಮ್ಮ ಹೊಸ್ತಿಲೊಳಗೆ ಅದು ಬರುವಂತಿರಲಿಲ್ಲ. ಬೇಯಿಸಿದ ಮೊಟ್ಟೆ ಸಿಗುವ ಹತ್ತಿರದ ಜಾಗವೆಂದರೆ ಎದುರಿನ ಖಾನಾವಳಿ. ನಾನೇ ಹೋಗಿ ಕೇಳಿದೆ. ಮಾಲಕ ಯಾರಿಗೆ ಎಂದ. ಹೇಳಿದೆ. ಅವನು ಸೌಟು ಹಿಡಿದೇ ಹೊರಗೆ ಬಂದು, ಎಕ್ಸ್‌ರೇ ಕಟ್ಟಿಕೊಂಡು ನಮ್ಮ ಮೆಟ್ಟಿಲ ಮೇಲೆ ಕೂತ ಬೆಕ್ಕನ್ನು ಬಹಳ ಹೊತ್ತು ನೋಡಿದ. ಅದರ ಮುಖ ನೋಡಿ ಕರಗಿದನೋ ಏನೋ, ದಿನಾ ಮಧ್ಯಾಹ್ನ ತಾನೇ ರಸ್ತೆ ದಾಟಿ ಬಂದು ಹಿತ್ತಲಿನ ಕಲ್ಲಿನ ಮೇಲೆ ಮೊಟ್ಟೆ ಚೂರು ಮಾಡಿ ಹಾಕತೊಡಗಿದ. ಮೊದಮೊದಲು ಅವ್ವ ಅವನಿಗೆ ಬೆನ್ನು ಮಾಡಿ ಕೂರುತ್ತಿದ್ದಳು. ಆಮೇಲೆ ಚಹಾ ಕುಡಿದು ಹೋಗು ಎನ್ನಲು ಶುರುಮಾಡಿದಳು.

ಕೆನ್ನೆಯ ಗಾಯ ಮಾಯ್ದು ಕೂದಲು ಬಂತು. ಚುಚ್ಚುಮದ್ದೂ ಆಯಿತು. ಆದರೆ ಮೈಯಲ್ಲಿ ಕಸುವು ಬಂದದ್ದೇ ತಡ, ತಗಡಿನ ಮೇಲೆ ಮತ್ತೆ ಯುದ್ಧ. ಈ ಸಲ ಕಪ್ಪು ಬೆಕ್ಕಿನ ಮುಂಗಾಲಿಗೆ ಪೆಟ್ಟು ಬಿತ್ತು. ಅದನ್ನು ಎತ್ತಿಕೊಂಡು ಬಂದ ಮಾಲಕ ಜಗಳಕ್ಕೆ ನಿಲ್ಲಲಿಲ್ಲ. ಸಪ್ಪೆ ಮುಖ ಮಾಡಿ, ನಿಮ್ಮ ಡಾಕ್ಟರು ಎಲ್ಲಿ ಸಿಗುತ್ತಾರೆ ಎಂದ. ಅವ್ವ ನಡಿ ಎಂದವಳೇ ತಾನೂ ಅವನ ಆಟೋ ಹತ್ತಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಹಳೆಯ ಮಾತನ್ನೇ ಮತ್ತೆ ಎತ್ತಿದರು. ಅವ್ವ ಈ ಸಲ ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇಬಿಟ್ಟಳು.

"ಹೋರಿಗೆ ಬೀಜ ಒಡಸೋದು ಕೇಳೀನ್ರಿ, ಬೆಕ್ಕಿಗೆ ಕೇಳಿಲ್ಲ. ನಾಳೆ ಇಲಿ ಹಿಡಿಯೋದ ಬಿಟ್ಟು ಮಲಗಿದ್ರ ನಮ್ಮ ಅಂಗಡಿ ಗತಿ ಏನ್ರಿ?"

"ಬೀಜ ಒಡಿಸಿದ ಎತ್ತು ಹೊಲದಾಗ ಗಳೆ ಹೊಡಿಯೋದು ಬಿಟ್ಟದೇನಮ್ಮಾ?" ಎಂದರು ಡಾಕ್ಟರು.

 ಅವ್ವ ಖಾನಾವಳಿಯವನ ಕಡೆ ತಿರುಗಿದಳು. "ತಮ್ಮಾ, ನಮ್ಮವಂದು ಅಷ್ಟ ಮಾಡಿಸಿದ್ರ ನಿಮ್ಮವ ಸುಮ್ನ ಬಿಡೂದಿಲ್ಲ. ಎರಡೂ ಕೂಡೇ ಮಾಡಸೂಣು."

ಕಾಲಿನ ಗಾಯ ಮಾಯಲು ಬಿಟ್ಟು, ಆಪರೇಷನ್ನಿಗೆ ಲಿಂಗಸುಗೂರಿಗೆ ಹೋಗುವುದೆಂದಾಯಿತು. ಅದಕ್ಕೆ ಬೇಕಾದ ಅನುಕೂಲ ಅಲ್ಲಿಯ ಆಸ್ಪತ್ರೆಯಲ್ಲಿತ್ತು. ಗೊತ್ತುಮಾಡಿದ ದಿನ ಸೋಮವಾರ. ಅರಿವಳಿಕೆ ಕೊಡುವಾಗ ಹೊಟ್ಟೆ ಖಾಲಿಯಿರಬೇಕು, ಬೆಳಿಗ್ಗೆ ಏನೂ ತಿನ್ನಿಸಬೇಡಿ ಎಂದಿದ್ದರು. ಬೆಕ್ಕು ಅವ್ವನ ಕಾಲು ಸುತ್ತಿ ಕೂಗಿದಾಗಲೆಲ್ಲ, ಇವತ್ತು ಸೋಮವಾರ, ನಾನೂ ಉಂಡಿಲ್ಲ, ನೀನೂ ಒಂದು ಹೊತ್ತು ಇರು ಎಂದು ಅವಳು ಸಮಾಧಾನ ಹೇಳಿದಳು.

ಬಸ್ಸಿನಲ್ಲಿ ಎರಡು ಬುಟ್ಟಿಗಳನ್ನು ದೂರ ದೂರ ಇಟ್ಟಿದ್ದೆವು. ಮುಂದಿನ ಬುಟ್ಟಿ ಕೂಗಿದರೆ ಹಿಂದಿನದು ಉತ್ತರ ಕೊಡುತ್ತಿತ್ತು. ಕಂಡಕ್ಟರ್ ಸೀಟಿ ಊದುವುದನ್ನು ಮರೆತು ಬುಟ್ಟಿಯೊಳಗೆ ಇಣುಕಿದ. ಬರುವಾಗ ಮಾತ್ರ ಎರಡೂ ನಿದ್ದೆಗಣ್ಣಿನಲ್ಲಿದ್ದವು. ಎರಡೂ ಬುಟ್ಟಿಗಳನ್ನು ಒಂದೇ ಸೀಟಿನ ಕೆಳಗೆ ಇಟ್ಟು, ಅವ್ವನೂ ಮಾಲಕನೂ ಅವನ ಮಗಳ ಲಗ್ನದ ಮಾತು ಆಡುತ್ತ ಮಸ್ಕಿಯವರೆಗೆ ಬಂದರು.

ಕೆಲವು ವಾರ ಕಳೆಯುವುದರಲ್ಲಿ ತಗಡಿನ ಮೇಲಿನ ಗದ್ದಲ ಅಡಗಿತು. ಬೆಕ್ಕುಗಳು ಗೆಳೆಯರೇನೂ ಆಗಲಿಲ್ಲ, ಕಂಡರೆ ಮುಖ ತಿರುಗಿಸಿ ಹೋಗುತ್ತವೆ, ಅಷ್ಟೆ. ನಮ್ಮದು ಮೈ ತುಂಬಿಕೊಂಡಿತು. ಇಲಿ ಹಿಡಿಯುವುದನ್ನು ಬಿಡಲಿಲ್ಲ. ಹಿಡಿದದ್ದನ್ನು ಅವ್ವನ ಸ್ಟೂಲಿನ ಕೆಳಗೆ ತಂದಿಡುತ್ತದೆ, ಅವಳು ಶಿವ ಶಿವ ಎನ್ನುತ್ತ ಕಾಲು ಮೇಲೆತ್ತಿ ನನ್ನನ್ನು ಕೂಗುತ್ತಾಳೆ.

ಇದೆಲ್ಲದರಿಂದ ಅವ್ವನಿಗೆ ಒಂದು ಹೊಸ ಉಮೇದು ಹತ್ತಿತು. ಬೇಳೆ ತೂಗಿಸಿಕೊಳ್ಳಲು ಬಂದವರನ್ನು, ಮನೆಯಲ್ಲಿ ನಾಯಿ ಇದೆಯೇ, ಸೂಜಿ ಹಾಕಿಸಿದಿರಾ ಎಂದು ಕೇಳದೆ ಬಿಡುತ್ತಿರಲಿಲ್ಲ. ಈ ವರ್ಷ ಚುಚ್ಚುಮದ್ದಿನ ದಿನ ನಾವು ಬೆಕ್ಕಿನ ಬುಟ್ಟಿ ಹಿಡಿದು ಹೊರಟಾಗ ಖಾನಾವಳಿಯವನು ಜೊತೆಯಾದ. ಚಹಾದಂಗಡಿಯವನು ತನ್ನ ನಾಯಿಗೆ ಹಗ್ಗ ಕಟ್ಟಿಕೊಂಡು ಬಂದ, ಬಳೆ ಮಾರುವಾಕೆ ಸೆರಗಿನಲ್ಲಿ ಬೆಕ್ಕಿನ ಮರಿಯೊಂದನ್ನು ಸುತ್ತಿಕೊಂಡು ಬಂದಳು. ಹೀಗೆ ಸೇರುತ್ತ ಸೇರುತ್ತ ಆಸ್ಪತ್ರೆ ತಲುಪುವಾಗ ನಮ್ಮದೊಂದು ಮೆರವಣಿಗೆಯೇ ಆಗಿತ್ತು. ನಾಯಿ ಮುಟ್ಟಿದರೆ ಸ್ನಾನ ಮಾಡುತ್ತಿದ್ದ ಅವ್ವ ಅಲ್ಲಿ ಎರಡು ನಾಯಿಗಳ ಹಗ್ಗ ಹಿಡಿದು ನಿಂತಿದ್ದಳು.

ಡಾಕ್ಟರು ಬಾಗಿಲಿಗೆ ಬಂದು ಅಂಗಳ ತುಂಬಿದ್ದನ್ನು ನೋಡಿ ನಕ್ಕುಬಿಟ್ಟರು. "ಇದ್ರಾಗ ನಿಮ್ಮದ್ಯಾವುದಮ್ಮಾ?"

"ಎಲ್ಲಾ ನಮ್ಮ ಬಜಾರದವ್ರಿ," ಎಂದಳು ಅವ್ವ. "ಮೊದಲ ಈ ಚಹಾದವರ ನಾಯಿಗೆ ಹಾಕ್ರಿ. ಅವರು ಒಲಿ ಹಚ್ಚೋ ಹೊತ್ತಾತು."