ಮೂಲೆಯಲ್ಲಿ ಉಳಿದ ಕೆಂಪು ಧೂಳು

ಕಳೆದ ಭಾನುವಾರ ಟ್ರಂಕು ಖಾಲಿ ಮಾಡುವಾಗ ಕಾಲೇಜಿನ ಹಳೆಯ ಸ್ಕೋರ್ ಪುಸ್ತಕ ಸಿಕ್ಕಿತು. ತೆರೆದರೆ ಹೊಲಿಗೆಯ ಸಂದಿಯಿಂದ ಚಿಟಿಕೆಯಷ್ಟು ಕೆಂಪು ಧೂಳು ಲುಂಗಿಯ ಮೇಲೆ ಉದುರಿತು. ಅದಿರಿನ ಧೂಳು. ಆ ಕಬ್ಬಿಣದ ವಾಸನೆಗೆ ಚಾಚಾ ನೆನಪಾದರು, ಅವರಿಗಿಂತ ಮೊದಲು ಅವರ ಕೆಮ್ಮು...

ಚಾಚಾ ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ಕೋರ್ಟ್ ಗುಡಿಸುತ್ತಿದ್ದವರು. ಬಂದರಿನ ಪಕ್ಕದ ಸಡಾ ಗುಡ್ಡದ ಮೇಲೆ ನಮ್ಮ ಮನೆಯಿಂದ ನಾಲ್ಕನೆಯ ಬಾಗಿಲು ಅವರದು. ನಾವು ಗದಗದ ಕಡೆಯವರು, ಅವರು ಸಿಂದಗಿಯ ಕಡೆಯವರು. ಹದಿನೆಂಟು ವರ್ಷ ಬಂದರಿನಲ್ಲಿ ಹಡಗಿಗೆ ಅದಿರು ತುಂಬಿದ ಮೇಲೆ, ಧೂಳಿನ ಕೆಲಸ ಬಿಡದಿದ್ದರೆ ಎದೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಈ ಹಗುರ ಕೆಲಸ ಹಿಡಿದಿದ್ದರು. ಇಲ್ಲಿಯೂ ಧೂಳಿದೆಯಲ್ಲ ಎಂದು ನಾನೊಮ್ಮೆ ಕೇಳಿದ್ದಕ್ಕೆ ನಕ್ಕರು. "ಅಲ್ಲಿ ಗುಡ್ಡದಷ್ಟ ಇತ್ತೋ ತಮ್ಮಾ. ಇಲ್ಲಿ ರೊಟ್ಟಿ ಬಡಿಯೋ ಹಿಟ್ಟಿನಷ್ಟ."

ನಾನು ಆಡುತ್ತಿರಲಿಲ್ಲ, ಬರೆಯುತ್ತಿದ್ದೆ. ತಂಡದ ಸ್ಕೋರ್ ಪುಸ್ತಕ ನನ್ನ ಕೈಯಲ್ಲಿತ್ತು. ಹಿಂದಿನ ಎರಡು ವರ್ಷಗಳಲ್ಲಿ ಹದಿನೈದು ಪಂದ್ಯ, ಗೆಲುವು ಸೊನ್ನೆ. ಮೂರನೆಯ ವರ್ಷ, ತೊಂಬತ್ತೊಂದರ ಮಳೆಗಾಲ ಮುಗಿದ ಮೇಲೆ, ಪ್ರಿನ್ಸಿಪಾಲರು ನಮ್ಮನ್ನು ಕರೆಸಿ ಒಂದೇ ಮಾತು ಹೇಳಿದರು: ಈ ಸಲ ಎರಡು ಪಂದ್ಯವಾದರೂ ಗೆಲ್ಲಬೇಕು, ಇಲ್ಲವಾದರೆ ತಂಡವೂ ಇಲ್ಲ, ಕೋರ್ಟೂ ಇಲ್ಲ, ಅಲ್ಲಿ ಸ್ಕೂಟರ್ ನಿಲ್ಲಿಸಲು ಶೆಡ್ಡು ಬರುತ್ತದೆ. ನಮಗೆ ಅದು ಮರ್ಯಾದೆಯ ಪ್ರಶ್ನೆಯಾಗಿತ್ತು. ಬಾಗಿಲ ಬಳಿ ಪೊರಕೆ ಹಿಡಿದು ನಿಂತಿದ್ದ ಚಾಚಾನಿಗೆ ಅದು ಏನಾಗಿತ್ತು ಎಂಬುದು ಮನೆಗೆ ಹೋಗುವ ದಾರಿಯಲ್ಲಿ ತಿಳಿಯಿತು. "ಇದೊಂದ ಕೋರ್ಟ್ ಉಳಿಲೆಪ್ಪಾ. ಇದು ಹೋದ್ರ ನಾ ಮತ್ತ ಹಡಗಿಗೇ ಹೋಗಬೇಕು," ಎಂದರು. ಆಮೇಲೆ ಗುಡ್ಡ ಹತ್ತುವವರೆಗೂ ಮಾತಾಡಲಿಲ್ಲ. ಅಷ್ಟು ಉಸಿರಿರಲಿಲ್ಲ.

ಮೊದಲ ನಾಲ್ಕು ಪಂದ್ಯ ಸೋತೆವು. ನಮ್ಮ ಆಟಕ್ಕೆ ಇದ್ದದ್ದು ಒಂದೇ ದಾರಿ: ಚೆಂಡು ಕ್ಯಾಪ್ಟನ್‌ಗೆ ಕೊಡುವುದು. ಮಡಗಾಂವಿನ ಹುಡುಗ, ಆರಡಿ ಎರಡಂಗುಲ ಎತ್ತರ. ಪಿ.ಟಿ. ಸರ್ ನನ್ನ ಪುಸ್ತಕ ನೋಡಿ, ಮೂವತ್ತೆಂಟರಲ್ಲಿ ಇಪ್ಪತ್ತಾರು ಅಂಕ ಅವನದೇ, ಹಾಗಾದರೆ ಅವನಿಗೆ ಇನ್ನೂ ಹೆಚ್ಚು ಚೆಂಡು ಕೊಡಿ ಎಂದರು. ನನಗೂ ಅದೇ ಸರಿ ಎನ್ನಿಸಿತ್ತು. ಅಂಕೆಗಳು ನನ್ನವೇ ಆಗಿದ್ದವಲ್ಲ.

ನಾಲ್ಕನೆಯ ಸೋಲಿನ ಮರುದಿನ ಅಭ್ಯಾಸ ಮುಗಿಸಿ ಎಲ್ಲರೂ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕುಳಿತಿದ್ದಾಗ ಚಾಚಾ ಪೊರಕೆ ಊರಿಕೊಂಡು ಬಂದರು. ಬೆಳಿಗ್ಗೆ ಗುಡಿಸಿದ ಕೋರ್ಟಿನ ಮೇಲೆ ಸಂಜೆಯ ಹೊತ್ತಿಗೆ ಬಂದರಿನ ಕಡೆಯಿಂದ ಬಂದ ಧೂಳು ತೆಳ್ಳಗೆ ಕೂತಿರುತ್ತಿತ್ತು.

"ಒಂದ ಮಾತ ಹೇಳ್ಲೇನ್ರೀ?" ಎಂದರು.

ಕ್ಯಾಪ್ಟನ್ ನಕ್ಕ. "ಬೋಲೋ ಚಾಚಾ, ಅಬ್ ಆಪ್ ಹೀ ಕೋಚ್."

ಚಾಚಾ ಪೊರಕೆಯ ತುದಿಯಿಂದ ಕೋರ್ಟ್ ತೋರಿಸಿದರು. "ನಡಕಷ್ಟ ಸಿಮೆಂಟ್ ಕಾಣಾಕತ್ತೈತಿ. ಆ ಎರಡೂ ಮೂಲಿ ನೋಡ್ರಿ, ಧೂಳ ಹಂಗೇ ಕುಂತೈತಿ. ಮೂರ ವರ್ಷ ಆತು, ಆ ಮೂಲ್ಯಾಗ ಒಂದ ಹೆಜ್ಜಿ ನೋಡಿಲ್ಲ ನಾ. ನೀವೆಲ್ಲಾರೂ ಒಂದ ಹಾದಿ ಹಿಡಿದ್ರ, ತಡಿಯಾವ್ರಿಗೂ ಒಂದ ಹಾದಿ ಕಾಯ್ದ್ರ ಸಾಕಲ್ರೀ."

ಎಲ್ಲರೂ ಎದ್ದು ನೋಡಿದರು. ಧೂಳಿನಲ್ಲಿ ಹಾದಿ ನಿಚ್ಚಳವಾಗಿತ್ತು, ಹೊಲದ ನಡುವಿನ ಕಾಲುದಾರಿಯಂತೆ. ಮೂರು ವರ್ಷ ಒಂದೊಂದು ಅಂಕವನ್ನೂ ಬರೆದಿಟ್ಟ ನನ್ನ ಪುಸ್ತಕದಲ್ಲಿ ಇದು ಇರಲಿಲ್ಲ.

ಮರುದಿನದಿಂದ ಇಬ್ಬರು ಕುಳ್ಳ ಹುಡುಗರು ಎರಡು ಮೂಲೆಗೆ ಹೋಗಿ ನಿಲ್ಲತೊಡಗಿದರು. ಅವರನ್ನು ತಡೆಯಲು ಎದುರಾಳಿಗಳು ಹೊರಗೆ ಬಂದರೆ ನಡುವೆ ಜಾಗವಾಗುತ್ತದೆ ಎಂಬುದು ಪಿ.ಟಿ. ಸರ್ ಲೆಕ್ಕ. ಆದರೆ ಹುಡುಗರು ಎರಡು ನಿಮಿಷಕ್ಕೆ ಮರೆತು ಮತ್ತೆ ನಡುವಿಗೇ ಓಡುತ್ತಿದ್ದರು. ಆಗ ನಾನೊಂದು ಉಪಾಯ ಹೇಳಿದೆ. ಸೋಮವಾರದಿಂದ ಶುಕ್ರವಾರದವರೆಗೆ ಗುಡಿಸುವುದು ಬೇಡ. ವಾರವಿಡೀ ಧೂಳು ಕೂರಲಿ, ಹೆಜ್ಜೆಗಳು ಉಳಿಯಲಿ, ದಿನವೂ ನಕ್ಷೆ ತೆಗೆದುಕೊಳ್ಳುತ್ತೇನೆ. ಭಾನುವಾರದ ಪಂದ್ಯಕ್ಕೆ ಶನಿವಾರ ಒಮ್ಮೆ ಗುಡಿಸಿದರಾಯಿತು.

ಎಲ್ಲರೂ ಭೇಷ್ ಎಂದರು. ಚಾಚಾನೂ ತಲೆಯಾಡಿಸಿದರು. "ಆಗಲಿ. ಗೆಲ್ರಿ ನೀವು."

ಐದು ದಿನದ ಧೂಳು ಎಂದರೆ ಎಷ್ಟೆಂದು ನಾನು ಲೆಕ್ಕ ಹಾಕಿರಲಿಲ್ಲ. ನೀರು ಹಾಕಿದರೆ ರಾಡಿಯಾಗಿ ಸಿಮೆಂಟಿಗೆ ಹಿಡಿಯುತ್ತದೆಂದು ಒಣಗಿದ್ದನ್ನೇ ಗುಡಿಸಬೇಕಿತ್ತು. ಶನಿವಾರ ಬೆಳಿಗ್ಗೆ ಮೂಗಿಗೆ ಟವೆಲ್ ಕಟ್ಟಿಕೊಂಡ ಚಾಚಾ ಆ ಕೆಂಪು ಮೋಡದೊಳಗೆ ಅರ್ಧ ಕಾಣುತ್ತಿದ್ದರು, ಅರ್ಧ ಕಾಣುತ್ತಿರಲಿಲ್ಲ. ನಾನು ಮೆಟ್ಟಿಲ ಮೇಲೆ ಕುಳಿತು ವಾರದ ನಕ್ಷೆಗಳನ್ನು ತಿದ್ದುತ್ತಿದ್ದೆ. ಮೂರನೆಯ ಶನಿವಾರ ಅವರು ನಡುವೆ ಎರಡು ಸಲ ಕೆಳಗೆ ಕುಳಿತರು. ಪೊರಕೆ ಕೊಡಿ ಎಂದು ಕೈ ಚಾಚಿದೆ. "ನೀ ಬರಕೊಳ್ಳೋದ ಬರಕೋ ಹೋಗು. ಕೆಲಸ ಮಾಡಾಕ ಆಗಂಗಿಲ್ಲಂತ ಯಾರರೇ ನೋಡಿದ್ರ ಅದೂ ಹೊಕ್ಕೈತಿ," ಎಂದರು. ನಾನು ಹೋಗಿ ಬರೆಯುತ್ತ ಕುಳಿತೆ.

ಐದನೆಯ ಪಂದ್ಯವೂ ಸೋತೆವು. ಆರನೆಯದು ಗೆದ್ದೆವು. ಏಳನೆಯದು ಸೋತೆವು. ಎಂಟನೆಯದು, ಕೊನೆಯದು, ನಲವತ್ತನಾಲ್ಕು–ನಲವತ್ತೊಂದು. ಕ್ಯಾಪ್ಟನ್ ಹಾಕಿದ್ದು ಹತ್ತೇ ಅಂಕ. ಹುಡುಗರು ಪಿ.ಟಿ. ಸರ್ ಅವರನ್ನು ಎತ್ತಿ ಕುಣಿಸಿದರು. ಚಾಚಾ ಅಲ್ಲಿರಲಿಲ್ಲ. ಹಿಂದಿನ ದಿನ ನಾಲ್ಕನೆಯ ಸಲ ಕೋರ್ಟ್ ಗುಡಿಸಿ ಮನೆಗೆ ಹೋದವರು ಹಾಸಿಗೆ ಹಿಡಿದಿದ್ದರು.

ಪುಸ್ತಕ ಹಿಡಿದು ನೇರವಾಗಿ ಸಡಾಕ್ಕೆ ಹೋದೆ. ಗೋಡೆಗೆ ಒರಗಿ ಕುಳಿತಿದ್ದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಗೆದ್ದೆವು ಎಂದೆ. ಕಣ್ಣು ತೆರೆದರು.

"ಮೂಲಿಯಿಂದ ಎಷ್ಟ ಬಿದ್ದುವು?"

"ಒಂಬತ್ತು ಚಾಚಾ."

"ಹಂಗಾರ... ಕೋರ್ಟ್ ಉಳೀತು."

ಕೋರ್ಟ್ ಉಳಿಯಿತು. ಮುಂದಿನ ಸೋಮವಾರ ಅದನ್ನು ಗುಡಿಸಲು ಬೇರೆಯವರು ಬಂದರು. ತಿಂಗಳೊಳಗೆ ಚಾಚಾನ ಮಗ ಅವರನ್ನು ಊರಿಗೆ ಕರೆದುಕೊಂಡು ಹೋದ. ಬಸ್ಸು ಬಿಡುವಾಗ ನಾನಿರಲಿಲ್ಲ, ಪರೀಕ್ಷೆಯಿತ್ತು. ರಂಜಾನ್ ಮುಗಿದ ವಾರ ಸುದ್ದಿ ಬಂತು...

ಏಳು ವರ್ಷವಾಯಿತು. ಈಗ ನಾನು ಕುಂಡಯಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಅಲ್ಲಿಯೂ ಬರೆಯುವುದೇ ಕೆಲಸ. ಟ್ರಂಕಿನ ಮುಂದೆ ಕುಳಿತು ಆ ವರ್ಷದ ಪುಟಗಳನ್ನೆಲ್ಲ ತಿರುವಿದೆ. ಆಡಿದವರ ಹೆಸರಿದೆ, ರೆಫರಿಗಳ ಸಹಿಯಿದೆ, ಯಾವ ನಿಮಿಷಕ್ಕೆ ಯಾರು ಫೌಲ್ ಮಾಡಿದರೆಂಬುದೂ ಇದೆ. ನಾಲ್ಕು ಶನಿವಾರಗಳ ಮುಂದೆ ನಾನು ಬರೆದಿಟ್ಟದ್ದು ಒಂದೊಂದೇ ಸಾಲು: ಕೋರ್ಟ್ ಸ್ವಚ್ಛ.

ಪುಟದ ಮೂಲೆಯಲ್ಲಿ ಇನ್ನೂ ಸ್ವಲ್ಪ ಧೂಳು ಉಳಿದಿತ್ತು. ಊದಿಬಿಡೋಣವೆಂದು ಪುಸ್ತಕವನ್ನು ಬಾಯಿಯ ಹತ್ತಿರ ತಂದವನು, ಯಾಕೋ ಉಸಿರು ಬಿಗಿಹಿಡಿದು ಹಾಗೇ ಕುಳಿತೆ.